ಸೋಲಿನಿಂದ ಕಾನೂನು ಕಟ್ಟಿದ ವಕೀಲರು

ನವಿ ಮುಂಬಯಿಯನ್ನು ಯೋಜಿಸಿದ ಸಿಡ್ಕೋ ಸಂಸ್ಥೆಯ ನಕಾಶೆಯಲ್ಲಿ ಕಾಮೋಠೆಯನ್ನು ನೋಡಿದವರಿಗೆ ಅದು ಸಯನ್–ಪನ್ವೇಲ್ ಹೆದ್ದಾರಿಯ ಮಗ್ಗುಲಲ್ಲಿ, ಮಾನಸರೋವರ ರೈಲು ನಿಲ್ದಾಣದ ಆಶ್ರಯದಲ್ಲಿ, ಸೆಕ್ಟರುಗಳಾಗಿ ವಿಂಗಡಿಸಲ್ಪಟ್ಟ ಒಂದು ವಸತಿಸ್ಥಾನವೆಂದಷ್ಟೇ ತೋರಬಹುದು. ಆದರೆ ಅದರ ಸುತ್ತಮುತ್ತ ಒಮ್ಮೆ ಕಣ್ಣು ಹಾಯಿಸಿದರೆ, ಕಳಂಬೋಲಿಯ ಉಕ್ಕಿನ ಪೇಟೆ, ತಳೋಜೆಯ ರಾಸಾಯನಿಕ ಕಾರ್ಖಾನೆಗಳು, ಥಾಣೆ–ಬೇಲಾಪುರ ರಸ್ತೆಯುದ್ದಕ್ಕೂ ಹಬ್ಬಿದ ಔದ್ಯೋಗಿಕ ವಸಾಹತು, 1989ರಿಂದ ದೇಶದ ಸರಕನ್ನು ಎತ್ತಿಳಿಸುತ್ತಿರುವ ನ್ಹಾವಾ ಶೇವಾ ಬಂದರು, ಈಚೆಗೆ ತಲೆಯೆತ್ತಿದ ವಿಮಾನ ನಿಲ್ದಾಣ, ಇವೆಲ್ಲವುಗಳ ನಡುವೆ ಈ ಊರು ನೆಲೆಸಿದೆಯೆಂಬುದೂ, ಕೈ ಕಾಲುಗಳನ್ನು ಯಂತ್ರಕ್ಕೂ ಎತ್ತರಕ್ಕೂ ಭಾರಕ್ಕೂ ಒಡ್ಡಿ ಬದುಕುವವರ ಸಂಖ್ಯೆ ಇಲ್ಲಿ ಎಷ್ಟು ದೊಡ್ಡದಾಗಿರಬೇಕೆಂಬುದೂ ಅರಿವಿಗೆ ಬರುತ್ತದೆ. ಊರೊಳಗೆ ಎಂ.ಜಿ.ಎಂ. ಆಸ್ಪತ್ರೆಯಿದೆ. ಕಟ್ಟಡದ ಪರಾಂಚಿಯಿಂದ ಬಿದ್ದವನನ್ನೂ ಕ್ರೇನಿನ ಸರಪಳಿಗೆ ಸಿಕ್ಕವನನ್ನೂ ಹೊತ್ತು ತರುವ ವಾಹನಗಳಿಗೆ ದಾರಿ ಕೇಳುವ ಅಗತ್ಯವಿಲ್ಲ.

ಇಂಥ ಸ್ಥಳದಲ್ಲಿ, ಗಾಯಗೊಂಡವನ ಪರವಾಗಿ ಅಲ್ಲ, ಅವನಿಗೆ ಕೆಲಸ ಕೊಟ್ಟವನ ಪರವಾಗಿ ವಕಾಲತ್ತು ಹಾಕುವುದನ್ನೇ ಜೀವನವೃತ್ತಿಯಾಗಿ ಮಾಡಿಕೊಂಡ ನ್ಯಾಯವಾದಿಗಳ ಒಂದು ವರ್ಗವಿದೆ. ಇವರಲ್ಲಿ ಕನ್ನಡ ಬಲ್ಲವರಿಗೆ ವಿಶೇಷ ಬೇಡಿಕೆಯುಂಟಾಗುವುದಕ್ಕೆ ಕಾರಣವು ಭಾಷಾಭಿಮಾನವಲ್ಲ, 1923ರ ಕಾರ್ಮಿಕ ಪರಿಹಾರ ಅಧಿನಿಯಮದ 21ನೆಯ ಕಲಮು. ಮೊದಲು ಅಪಘಾತ ಎಲ್ಲಿ ನಡೆಯಿತೋ ಅಲ್ಲಿಯ ಕಾರ್ಮಿಕ ಪರಿಹಾರ ಆಯುಕ್ತರ ಮುಂದೆಯೇ ಅರ್ಜಿ ಹಾಕಬೇಕಾಗಿತ್ತು. 1995ರ ತಿದ್ದುಪಡಿಯ ತರುವಾಯ ಅರ್ಜಿದಾರನು ಅಥವಾ ಮೃತನ ಅವಲಂಬಿತರು ಎಲ್ಲಿ ವಾಸವಾಗಿರುವರೋ ಅಲ್ಲಿಯೂ ಅದನ್ನು ಸಲ್ಲಿಸಬಹುದಾಯಿತು. ದೇಶಾಂತರ ದುಡಿಯಹೋದವರ ಅನುಕೂಲಕ್ಕಾಗಿಯೇ ಈ ಬದಲಾವಣೆಯೆಂದು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಮೊರ್ಗಿನಾ ಬೇಗಂ ಮೊಕದ್ದಮೆಯಲ್ಲಿ ಎತ್ತಿ ಹೇಳಿತು. ಇದರ ಫಲವಾಗಿ, ಖಾರ್ಘರದ ಹತ್ತನೆಯ ಮಾಳಿಗೆಯಿಂದ ಬಿದ್ದು ಸತ್ತ ಗವಂಡಿಯೊಬ್ಬನ ಹೆಂಡತಿ, ಹದಿಮೂರು ದಿನಗಳ ಕರ್ಮ ಮುಗಿಸಲು ತವರಿಗೆ ಹೋದವಳು ಅಲ್ಲೇ ನೆಲೆನಿಂತರೆ, ನವಿ ಮುಂಬಯಿಯ ಗುತ್ತಿಗೆದಾರನಿಗೆ ವಿಜಯಪುರದಿಂದಲೋ ಕಲಬುರಗಿಯಿಂದಲೋ ಕನ್ನಡದಲ್ಲಿ ಬರೆದ ನೋಟೀಸು ಬರುತ್ತದೆ. ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಮಾತ್ರ ವ್ಯವಹರಿಸುವ ಗುತ್ತಿಗೆದಾರನು ಆಗ ಕಾಮೋಠೆಯಲ್ಲಿಯೋ ಡೊಂಬಿವಲಿಯಲ್ಲಿಯೋ ಕನ್ನಡ ಓದಬಲ್ಲ ವಕೀಲನ ಮನೆ ಹುಡುಕುತ್ತಾನೆ. ಕಾರ್ಮಿಕನ ಭಾಷೆ ಬರುತ್ತದೆಂಬ ಕಾರಣದಿಂದಲೇ ಕಾರ್ಮಿಕನ ಎದುರು ನಿಲ್ಲಬೇಕಾಗುವ ಈ ವೈಚಿತ್ರ್ಯದಿಂದ ಈ ವೃತ್ತಿಯ ಕಥೆ ಆರಂಭವಾಗುತ್ತದೆ.

ಮಾಲೀಕರ ಪರ ವಕೀಲನೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಅಷ್ಟು ಸುಂದರವಾದುದಲ್ಲ. ಆ ಚಿತ್ರಕ್ಕೆ ಆಧಾರವಿಲ್ಲವೆಂದು ಈ ಲೇಖಕನು ವಾದಿಸಹೊರಟಿಲ್ಲ. ಆದರೆ ಈ ಶಾಖೆಯ ಕಾನೂನನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಇಂದು ಶ್ರಮಿಕನ ಕೈಯಲ್ಲಿರುವ ಹಕ್ಕುಗಳಲ್ಲಿ ಅತ್ಯಂತ ಬೆಲೆಯುಳ್ಳವು ಶಾಸನಸಭೆಯಲ್ಲಿ ಎಷ್ಟು ರೂಪುಗೊಂಡವೋ, ಮಾಲೀಕರ ಪರ ನಿಂತ ಸಮರ್ಥ ವಕೀಲರು ಮೇಲ್ಮನವಿಯ ಮೇಲೆ ಮೇಲ್ಮನವಿ ಹೂಡಿ ಕೊನೆಗೆ ಸೋತುಬಂದ ಮೊಕದ್ದಮೆಗಳಲ್ಲಿಯೂ ಅಷ್ಟೇ ರೂಪುಗೊಂಡವು.

ಶಾಸನಕ್ಕೆ ಮುಂಚಿನ ಸ್ಥಿತಿಯನ್ನು ಒಂದು ಮಾತಿನಲ್ಲಿ ಹೇಳಬೇಕಾಗಿದೆ. 1837ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ ವಿರುದ್ಧ ಫೌಲರ್ ಎಂಬ ಮೊಕದ್ದಮೆಯಲ್ಲಿ, ಮಿತಿಮೀರಿ ಭಾರ ಹೇರಿದ ಕಸಾಯಿಯ ಗಾಡಿ ಮುರಿದು ಗಾಯಗೊಂಡ ಸೇವಕನಿಗೆ ಯಜಮಾನನಿಂದ ಏನೂ ಸಲ್ಲದೆಂದು ತೀರ್ಪಾಯಿತು. ಅಂದಿನಿಂದ, ಸಹೋದ್ಯೋಗಿಯ ತಪ್ಪಿನಿಂದ ಉಂಟಾದ ಹಾನಿಗೆ ಯಜಮಾನನು ಹೊಣೆಯಲ್ಲವೆಂಬ ತತ್ತ್ವವು ಒಂದು ಶತಮಾನದವರೆಗೆ ಕೂಲಿಕಾರರ ದಾರಿಗೆ ಅಡ್ಡಲಾಗಿ ನಿಂತಿತು. ಜರ್ಮನಿಯಲ್ಲಿ ಬಿಸ್ಮಾರ್ಕನು 1884ರಲ್ಲಿ ಅಪಘಾತ ವಿಮೆಯನ್ನು ತಂದನು. ಬ್ರಿಟನ್ 1897ರಲ್ಲಿ ಪರಿಹಾರ ಕಾಯ್ದೆಯನ್ನು ಮಾಡಿತು. ನಮ್ಮಲ್ಲಿ 1923ರ ಅಧಿನಿಯಮವು 1924ರ ಜುಲೈ 1ರಂದು ಜಾರಿಗೆ ಬಂದಿತು. ಆಗಿನ ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕರ ಪ್ರತಿನಿಧಿಯಾಗಿ ಕುಳಿತಿದ್ದ ನಾರಾಯಣ ಮಲ್ಹಾರ ಜೋಶಿಯವರು ಹುಟ್ಟಿದ್ದು ಕುಲಾಬಾ ಜಿಲ್ಲೆಯ ಗೋರೆಗಾಂವದಲ್ಲಿ. ಇಂದು ರಾಯಗಡವೆನಿಸಿಕೊಳ್ಳುವ ಆ ಜಿಲ್ಲೆಯಲ್ಲಿಯೇ ಕಾಮೋಠೆಯೂ ಸೇರಿದೆ. ಆ ಮೊದಲ ಕಾನೂನು ಉದಾರವಾಗಿತ್ತೆಂದು ಯಾರೂ ಭಾವಿಸಬೇಕಾಗಿಲ್ಲ. ವಯಸ್ಕನೊಬ್ಬ ಸತ್ತರೆ ಮೂವತ್ತು ತಿಂಗಳ ವೇತನ ಅಥವಾ 2,500 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಅಪ್ರಾಪ್ತವಯಸ್ಕ ಹುಡುಗ ಸತ್ತರೆ 200 ರೂಪಾಯಿ. ಆದರೆ ಮೊತ್ತಕ್ಕಿಂತ ಮಹತ್ತ್ವದ ಮಾತೊಂದು ಅದರಲ್ಲಿತ್ತು. ಉದ್ಯೋಗದಿಂದಲೂ ಉದ್ಯೋಗದ ಅವಧಿಯಲ್ಲಿಯೂ ಅಪಘಾತ ಉಂಟಾಗಿದ್ದರೆ ಸಾಕು, ತಪ್ಪು ಯಾರದೆಂಬ ಪ್ರಶ್ನೆ ಏಳುವುದಿಲ್ಲ. ತಪ್ಪಿಲ್ಲವೆಂದು ಸಾಧಿಸುವುದೇ ಪ್ರತಿವಾದಿಯ ವಕೀಲನಿಗೆ ಎಲ್ಲ ಕಡೆಯೂ ಮುಖ್ಯಾಯುಧ. ಆ ಆಯುಧವನ್ನು ಬಾಗಿಲಲ್ಲಿಯೇ ಇಳಿಸಿ ಒಳಗೆ ಬಾ ಎಂದ ಕಾನೂನು ಇದು.

ಹಾಗಾದರೆ ಅವನಿಗೆ ಉಳಿದ ದಾರಿಗಳಾವುವು? ಕಕ್ಷಿದಾರನು ಬಂದು ಕುಳಿತೊಡನೆ ಅನುಭವಿಯಾದ ವಕೀಲನು ಕೇಳುವ ಮೊದಲ ಪ್ರಶ್ನೆ, ಸತ್ತವನ ಹೆಸರಿಗೆ ಇ.ಎಸ್.ಐ. ಇತ್ತೋ ಎಂಬುದು. 1948ರ ನೌಕರರ ರಾಜ್ಯ ವಿಮಾ ಕಾಯ್ದೆಯ ವ್ಯಾಪ್ತಿಗೆ ಅವನು ಬಂದಿದ್ದರೆ ಅದರ 53ನೆಯ ಕಲಮು ಪರಿಹಾರದ ಅರ್ಜಿಯನ್ನೇ ತಡೆಯುತ್ತದೆ. ಅವನಿಗೂ ಅವನ ಮನೆಯವರಿಗೂ ಆ ವಿಮಾ ನಿಗಮದಿಂದ ಸೌಲಭ್ಯ ದೊರೆಯುವುದರಿಂದ ಮಾಲೀಕನನ್ನು ಎರಡನೆಯ ಸಲ ಕೇಳುವಂತಿಲ್ಲ. ಎರಡನೆಯ ಪ್ರಶ್ನೆ, ಅವನು ನಿಮ್ಮ ನೌಕರನೇ ಹೌದೋ ಎಂಬುದು. ಹಿಂದಿನ ಕಾಲದಲ್ಲಿ, ಮಾಲೀಕನ ವ್ಯಾಪಾರಕ್ಕೆ ಸಂಬಂಧಿಸದ ತಾತ್ಕಾಲಿಕ ಕೆಲಸಕ್ಕೆ ಕರೆದವನು ಕಾರ್ಮಿಕನೇ ಅಲ್ಲವೆಂಬ ವಿನಾಯಿತಿಯೊಂದು ಅಧಿನಿಯಮದ ವ್ಯಾಖ್ಯೆಯಲ್ಲಿಯೇ ಇತ್ತು. ಮನೆಗೆ ಬಣ್ಣ ಬಳಿಯುತ್ತಿದ್ದವನು ಏಣಿಯಿಂದ ಬಿದ್ದ ಎಷ್ಟೋ ಪ್ರಕರಣಗಳು ಆ ಒಂದು ವಾಕ್ಯಕ್ಕೆ ಬಡಿದು ಮುರಿದುಬೀಳುತ್ತಿದ್ದವು. 2000ದ ತಿದ್ದುಪಡಿಯು ಅದನ್ನು ಕಿತ್ತುಹಾಕಿತು. ಕುಡಿದಿದ್ದನೆಂದೂ, ಹೆಲ್ಮೆಟ್ ತೆಗೆದಿಟ್ಟಿದ್ದನೆಂದೂ, ಯಂತ್ರದ ರಕ್ಷಾಕವಚವನ್ನು ಬೇಕೆಂದೇ ಸರಿಸಿದ್ದನೆಂದೂ ಹೇಳಬಹುದು. ಆದರೆ ಸಾವು ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯ ಉಂಟಾದ ಕಡೆ ಈ ಮಾತುಗಳಿಗೆ ಬೆಲೆಯಿಲ್ಲ. ಅಂದರೆ, ಬಾಜಿ ದೊಡ್ಡದಾದಷ್ಟೂ ರಕ್ಷಣೆ ಕುಗ್ಗುತ್ತದೆ.

ಇನ್ನು ಬೆರಳು ತೋರಿಸುವ ವಿದ್ಯೆ. ಬಿಲ್ಡರನು ಠೇಕೇದಾರನನ್ನೂ, ಠೇಕೇದಾರನು ಮುಕಾದಮನನ್ನೂ, ಮುಕಾದಮನು ಬೆಳಗಿನ ನಾಕಾದಿಂದ ಕರೆತಂದ ಬಿಗಾರಿಯನ್ನೂ ತೋರಿಸಿ ನನಗೇನೂ ಗೊತ್ತಿಲ್ಲವೆನ್ನುವುದು ಈ ಪ್ರಾಂತ್ಯದ ಕಟ್ಟಡದ ಕೆಲಸದಲ್ಲಿ ನಿತ್ಯದ ದೃಶ್ಯ. 12ನೆಯ ಕಲಮು ಇದನ್ನು ಮೊದಲೇ ಊಹಿಸಿದ್ದಂತೆ ಕಾಣುತ್ತದೆ. ಗುತ್ತಿಗೆದಾರನ ಆಳು ಗಾಯಗೊಂಡರೆ ಮುಖ್ಯ ಮಾಲೀಕನನ್ನೇ ಕೇಳಬಹುದು. ಕೊಟ್ಟ ಹಣವನ್ನು ಅವನು ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಹೊರಗಿನವನ ತಪ್ಪಿಗೂ ಇದೇ ನ್ಯಾಯ. 1917ರಲ್ಲಿ ಬ್ರಿಟನ್ನಿನ ಲಾರ್ಡ್ಸ್ ಸಭೆಯ ಮುಂದೆ ಬಂದ ಮೊಕದ್ದಮೆಯೊಂದರಲ್ಲಿ, ಮೀನು ಸಂಸ್ಕರಿಸುವ ಕೊಟ್ಟಿಗೆಯ ಮೇಲೆ ನೆರೆಯವನ ಗೋಡೆ ಕುಸಿದು ಹೆಣ್ಣಾಳೊಬ್ಬಳಿಗೆ ಗಾಯವಾಗಿತ್ತು. ಆ ಸೂರಿನ ಕೆಳಗೆ ಅವಳನ್ನು ನಿಲ್ಲಿಸಿದ್ದು ಅವಳ ಉದ್ಯೋಗವೇ ಆದುದರಿಂದ ಅವಳ ಯಜಮಾನನೇ ಹೊಣೆಯೆಂದು ತೀರ್ಪಾಯಿತು. ದೂರದ ಈ ತೀರ್ಪಿಗೆ ನಮ್ಮಲ್ಲೇನು ಕೆಲಸವೆಂದು ಕೇಳುವವರು ಡೊಂಬಿವಲಿಯ ಎಂ.ಐ.ಡಿ.ಸಿ.ಯನ್ನು ನೆನೆಯಬೇಕು. 2016ರ ಮೇ 26ರಂದು ಪ್ರೋಬೇಸ್ ಕಾರ್ಖಾನೆಯಲ್ಲಿಯೂ, 2024ರ ಮೇ 23ರಂದು ಅಮುದಾನ್ ಕಾರ್ಖಾನೆಯಲ್ಲಿಯೂ ಸ್ಫೋಟಗಳು ನಡೆದಾಗ ಆಘಾತವು ಅವುಗಳ ಪ್ರಾಕಾರಕ್ಕೆ ಸೀಮಿತವಾಗಲಿಲ್ಲ. ಇಂಥ ಸ್ಫೋಟದಲ್ಲಿ ಪಕ್ಕದ ಕಾರ್ಖಾನೆಯ ಆಳು ಕೆಲಸದ ವೇಳೆಯಲ್ಲಿ ಗಾಯಗೊಂಡರೆ, ಏನೂ ಅರಿಯದ ಆ ಪಕ್ಕದ ಮಾಲೀಕನೇ ಮೊದಲು ಹಣ ಕಟ್ಟಬೇಕಾಗಬಹುದು. ಆಮೇಲೆ 13ನೆಯ ಕಲಮಿನ ಮೇರೆಗೆ ತಪ್ಪಿತಸ್ಥನನ್ನು ಹಿಡಿಯುವುದು ಅವನಿಗೆ ಬಿಟ್ಟದ್ದು. ‘ನನ್ನದೇನು ತಪ್ಪು ಸಾಹೇಬರೇ’ ಎಂದು ಕೇಳುವ ಆ ಮಾಲೀಕನಿಗೆ ಈ ನ್ಯಾಯವನ್ನು ಬಿಡಿಸಿ ಹೇಳುವುದು ವಕೀಲನ ಕಷ್ಟತರವಾದ ಕೆಲಸಗಳಲ್ಲೊಂದು.

ಆದರೆ ವಕೀಲರ ಬುದ್ಧಿಶಕ್ತಿ ನಿಜವಾಗಿ ಹರಿದುಹೋಗಿರುವುದು ‘ಉದ್ಯೋಗದ ಅವಧಿಯಲ್ಲಿ’ ಎಂಬ ಮಾತಿನ ಎಲ್ಲೆಯನ್ನು ಗುರುತಿಸುವುದರಲ್ಲಿ. ಕೆಲಸ ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ? ಕಾರ್ಖಾನೆಯ ಬಾಗಿಲಲ್ಲಿಯೋ, ಬಾಗಿಲಾಚೆಯ ಓಣಿಯಲ್ಲಿಯೋ, ಮನೆಯ ಹೊಸ್ತಿಲಲ್ಲಿಯೋ? ಈ ಪ್ರಶ್ನೆಯಲ್ಲಿ ಮಾಲೀಕರ ಪಕ್ಷಕ್ಕೆ ದೊರೆತ ದೊಡ್ಡ ಜಯವೊಂದು 1958ರ ಸೌರಾಷ್ಟ್ರ ಸಾಲ್ಟ್ ಮೊಕದ್ದಮೆ. ಪೋರಬಂದರದ ಉಪ್ಪಿನ ಕಾರ್ಖಾನೆಯಲ್ಲಿ ದುಡಿದು ಮನೆಗೆ ಮರಳುತ್ತಿದ್ದ ಕೆಲಸಗಾರರು ನಡುವಿನ ಖಾರಿಯನ್ನು ಸಾರ್ವಜನಿಕ ದೋಣಿಯಲ್ಲಿ ದಾಟುವಾಗ, 1952ರ ಜೂನ್ ತಿಂಗಳಲ್ಲಿ ದೋಣಿ ಮಗುಚಿ ಕೆಲವರು ನೀರುಪಾಲಾದರು. ಉದ್ಯೋಗದ ಎಲ್ಲೆಯನ್ನು ಕಾರ್ಖಾನೆಯ ಬಾಗಿಲಿನಿಂದ ಸ್ವಲ್ಪ ಆಚೆಗೆ ಕಲ್ಪಿಸಿಕೊಳ್ಳಬಹುದೆಂದು ಒಪ್ಪಿದ ಸರ್ವೋಚ್ಚ ನ್ಯಾಯಾಲಯವು, ಆ ಕಲ್ಪನೆ ದೋಣಿಯ ತನಕ ಹಿಗ್ಗಲಾರದೆಂದಿತು. ದೋಣಿಯಲ್ಲಿ ಅವರು ಯಾವ ಪ್ರಯಾಣಿಕನೊಡನೆಯೂ ಸಮಾನರಾದ ಸಾರ್ವಜನಿಕರಷ್ಟೆ. ಉಪ್ಪಿನ ಗದ್ದೆಗಳನ್ನೂ ಖಾಡಿಯನ್ನೂ ಕಂಡ ಪನ್ವೇಲಿನ ಕಡೆಯ ಜನರಿಗೆ ಆ ದೋಣಿಯ ಚಿತ್ರ ಅಪರಿಚಿತವಲ್ಲ. ಕಾನೂನಿನ ದೃಷ್ಟಿಯಿಂದ ಈ ತೀರ್ಪು ಸರಿಯಾದುದೇ ಇರಬಹುದು. ಓದಿದಾಗ ಮನಸ್ಸು ಮಾತ್ರ ಒಪ್ಪುವುದಿಲ್ಲ.

ಆ ಜಯದ ಬೆನ್ನಿಗೇ ಮುಂಬಯಿಯಿಂದ ಸೋಲೊಂದು ಬಂದಿತು. 1957ರ ಜುಲೈ 20ರಂದು ಬೆಸ್ಟ್ ಸಂಸ್ಥೆಯ ಬಸ್ಸು ಚಾಲಕನೊಬ್ಬನು ದಿನದ ಕೆಲಸ ಮುಗಿಸಿ, ತನ್ನ ಬಸ್ಸನ್ನು ಜೋಗೇಶ್ವರಿಯ ಡಿಪೋದಲ್ಲಿ ನಿಲ್ಲಿಸಿ, ಸಾಂತಾಕ್ರೂಜಿನ ತನ್ನ ಮನೆಗೆ ಹೋಗಲು ಸಂಸ್ಥೆಯದೇ ಮತ್ತೊಂದು ಬಸ್ಸನ್ನು ಏರಿದನು. ಆ ಬಸ್ಸು ಘೋಡಬಂದರ್ ರಸ್ತೆಯಲ್ಲಿ ನಿಂತಿದ್ದ ಲಾರಿಗೆ ಡಿಕ್ಕಿ ಹೊಡೆದು ಅವನು ಮೃತನಾದನು. ಅವನ ವಿಧವೆ ಆಗ್ನೆಸ್ ಅವರ ಅರ್ಜಿಯನ್ನು ಆಯುಕ್ತರು ತಳ್ಳಿಹಾಕಿದರು, ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು, ಬೆಸ್ಟ್ ಸಂಸ್ಥೆ ದಿಲ್ಲಿಯವರೆಗೆ ಹೋಯಿತು. ಮಾಲೀಕರ ಪಕ್ಷದ ವಾದವು ಸ್ವಚ್ಛವಾಗಿತ್ತು: ಕೆಲಸ ಮುಗಿದಿತ್ತು, ಅವನು ಪ್ರಯಾಣಿಕನಾಗಿದ್ದನು, ಮನೆಗೆ ಹೋಗುವುದು ಅವನ ಸ್ವಂತ ವಿಷಯ. 1963ರ ಮೇ 10ರಂದು ನ್ಯಾಯಮೂರ್ತಿ ಸುಬ್ಬರಾವ್ ಅವರು ಬಹುಮತದ ತೀರ್ಪನ್ನು ನೀಡುತ್ತ ಇದನ್ನು ಬೇರೆಯ ಕೋನದಿಂದ ನೋಡಿದರು. ಮುಂಬಯಿಯಂಥ ವಿಸ್ತಾರವಾದ ನಗರದಲ್ಲಿ ಚಾಲಕರು ಹೊತ್ತಿಗೆ ಸರಿಯಾಗಿ ಡಿಪೋ ತಲುಪಿ ಚೈತನ್ಯದಿಂದ ಕೆಲಸ ಮಾಡಬೇಕಾದರೆ ಅವರಿಗೆ ಬಸ್ಸಿನಲ್ಲಿ ಓಡಾಡುವ ಹಕ್ಕನ್ನು ಕೊಡುವುದು ಸಂಸ್ಥೆಯ ಹಿತಕ್ಕೇ ಅಗತ್ಯ; ಸೇವೆಯ ಹಿತಕ್ಕಾಗಿ ಕೊಟ್ಟ ಆ ಸವಲತ್ತನ್ನು ಬಳಸುತ್ತಿರುವಾಗ ಅವನು ಸೇವೆಯಿಂದ ಹೊರಗೆ ಬಂದವನಲ್ಲ. ನ್ಯಾಯಮೂರ್ತಿ ರಘುಬರ ದಯಾಳರು ಒಪ್ಪಲಿಲ್ಲ. ಆದರೂ ಬಹುಮತವೇ ಕಾನೂನಾಯಿತು, ಮತ್ತು ಅಂದಿನಿಂದ ಇಂದಿನವರೆಗೆ ಆಗ್ನೆಸ್ ಮೊಕದ್ದಮೆಯನ್ನು ಉಲ್ಲೇಖಿಸದೆ ಈ ವಿಷಯದಲ್ಲಿ ವಾದ ಮುಗಿಸಿದ ವಕೀಲನಿಲ್ಲ. ಬೆಸ್ಟ್ ಸಂಸ್ಥೆ ಉಚ್ಚ ನ್ಯಾಯಾಲಯದ ಆದೇಶಕ್ಕೆ ತಲೆಬಾಗಿ ಸುಮ್ಮನಿದ್ದಿದ್ದರೆ ಒಂದು ಕುಟುಂಬಕ್ಕೆ ಮಾತ್ರ ಹಣ ದೊರೆತು, ದೇಶಕ್ಕೆ ಸಿದ್ಧಾಂತ ದೊರೆಯುತ್ತಿರಲಿಲ್ಲ.

ಗೆದ್ದ ಮೊಕದ್ದಮೆಗಳೂ ಉಂಟು. ಎಸ್.ಎಸ್. ದ್ವಾರಕಾ ಎಂಬ ಹಡಗಿನ ಡೆಕ್ಕಿನ ಆಳೊಬ್ಬನು 1961ರ ಡಿಸೆಂಬರಿನಲ್ಲಿ ಸಮುದ್ರಮಧ್ಯದಲ್ಲಿ ಕಾಣೆಯಾದನು. ದೇಹ ಸಿಗಲಿಲ್ಲ, ಬಿದ್ದುದನ್ನು ಕಂಡವರಿಲ್ಲ. ಅವನ ತಂದೆಯ ಪರವಾಗಿ ಮುಂಬಯಿಯ ಉಚ್ಚ ನ್ಯಾಯಾಲಯವು ನೀಡಿದ ತೀರ್ಪನ್ನು 1969ರಲ್ಲಿ ಸರ್ವೋಚ್ಚ ನ್ಯಾಯಾಲಯವು ರದ್ದುಮಾಡಿ, ಸಾವು ಉದ್ಯೋಗದಿಂದಲೇ ಉಂಟಾಯಿತೆಂಬುದಕ್ಕೆ ಊಹೆಯಲ್ಲದೆ ಆಧಾರವಿಲ್ಲವೆಂದಿತು. ಎದೆನೋವಿನ ಪ್ರಕರಣಗಳಲ್ಲಿ ತಕ್ಕಡಿ ಇನ್ನೂ ತೂಗಾಡುತ್ತಲೇ ಇದೆ. 1954ರಲ್ಲಿ ವರದಿಯಾದ ತೀರ್ಪೊಂದರಲ್ಲಿ ಬಾಂಬೆ ಪೋರ್ಟ್ ಟ್ರಸ್ಟಿನ ಕಾವಲುಗಾರನೊಬ್ಬನ ಸಾವಿನ ಬಗ್ಗೆ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರು, ಮೊದಲೇ ಇದ್ದ ಹೃದ್ರೋಗವನ್ನು ಕೆಲಸದ ಶ್ರಮವು ಉಲ್ಬಣಗೊಳಿಸಿ ಮರಣವನ್ನು ಬೇಗ ತಂದಿದ್ದರೂ ಅದು ಅಪಘಾತವೇ ಎಂದು ವಿಶಾಲವಾಗಿ ಅರ್ಥಮಾಡಿದ್ದರು; 2007ರಲ್ಲಿ ವರದಿಯಾದ, ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ವಾಹನದ ಸಹಾಯಕನೊಬ್ಬನು ಪ್ರಯಾಣದಲ್ಲಿ ಹೃದಯ ನಿಂತು ಸತ್ತಾಗ, ಶ್ರಮವಿತ್ತೆಂಬುದಕ್ಕೆ ಸಾಕ್ಷ್ಯವಿಲ್ಲದೆ ಬರಿಯ ಪ್ರಯಾಣ ಸಾಲದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಮಾಲೀಕರ ವಕೀಲನ ಮೇಜಿನ ಮೇಲೆ ಮರಣೋತ್ತರ ಪರೀಕ್ಷೆಯ ವರದಿ ಇಷ್ಟು ಮುಖ್ಯವಾಗಿರುವುದು ಇದಕ್ಕೇ.

ಅಂಗವೈಕಲ್ಯದ ಲೆಕ್ಕಕ್ಕೆ ಬಂದರೆ ಅಧಿನಿಯಮದ ಮೊದಲನೆಯ ಅನುಸೂಚಿಯನ್ನು ತೆರೆಯಬೇಕು. ಹಸ್ತಸಾಮುದ್ರಿಕದ ಪುಸ್ತಕದಂತೆ ಅದರಲ್ಲಿ ಅಂಗೈಯ ಒಂದೊಂದು ಭಾಗಕ್ಕೂ ಒಂದೊಂದು ಫಲ ನಿರ್ದಿಷ್ಟವಾಗಿದೆ: ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಕಿರುಬೆರಳಿಗೆ 7, ಒಂದು ಕೈಯ ನಾಲ್ಕು ಬೆರಳುಗಳೂ ಹೋದರೆ 50, ಎರಡು ಕೈಗಳಿಗೆ 100. ಮೂವತ್ತು ವಯಸ್ಸಿನ, ತಿಂಗಳಿಗೆ 15,000 ರೂಪಾಯಿ ಪಗಾರದ ಆಳಿನ ಹೆಬ್ಬೆರಳು ಪ್ರೆಸ್ಸಿನ ಕೆಳಗೆ ಹೋಯಿತೆನ್ನೋಣ. ವೇತನದ ಶೇಕಡಾ 60ನ್ನು ಆ ವಯಸ್ಸಿಗೆ ನಿಗದಿಯಾದ 207.98 ಎಂಬ ಗುಣಕದಿಂದ ಗುಣಿಸಿ, ಅದರಲ್ಲಿ ಶೇಕಡಾ 30 ತೆಗೆದರೆ 5,61,546 ರೂಪಾಯಿ. ಅನುಸೂಚಿಯಲ್ಲಿ ಹೆಸರಿಸದ ಗಾಯಗಳಿಗೆ ವೈದ್ಯನ ಅಭಿಪ್ರಾಯವೇ ಶರಣು. ಪಾಟಿಸವಾಲಿನ ನಿಜವಾದ ಕಲೆ ಪ್ರಕಟವಾಗುವುದು ಅಲ್ಲಿ. ಕಾಲು ಶೇಕಡಾ ನಲವತ್ತು ಊನವಾಗಿದೆಯೆಂದು ವೈದ್ಯನು ಹೇಳಿದರೆ, ಊನವಾದದ್ದು ಕಾಲೋ ಗಳಿಕೆಯೋ ಎಂದು ವಕೀಲನು ಕೇಳುತ್ತಾನೆ. ಏಕೆಂದರೆ ಕಾನೂನು ಅಳೆಯುವುದು ಎರಡನೆಯದನ್ನು.

ಈ ಒಂದು ಪ್ರಶ್ನೆಯೇ ಮಾಲೀಕರ ಮೇಲೆ ತಿರುಗಿಬಿದ್ದ ಪ್ರಸಂಗ 1976ರಲ್ಲಿ ವರದಿಯಾದ ಪ್ರತಾಪ ನಾರಾಯಣ ಸಿಂಗ್ ದೇವ್ ಮೊಕದ್ದಮೆ. ಸಿನಿಮಾ ಮಂದಿರದಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬನು ಬಿದ್ದು, ಅವನ ಎಡತೋಳನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಯಿತು. ಇದು ಭಾಗಶಃ ಊನವೆಂಬುದು ಮಾಲೀಕನ ವಾದ. ಒಂದು ಕೈ ಇನ್ನೂ ಇದೆಯಲ್ಲವೆ? ಒಂದೇ ಕೈಯಿಂದ ಮರಗೆಲಸ ಸಾಧ್ಯವಿಲ್ಲವಾದುದರಿಂದ ಬಡಗಿಯ ಮಟ್ಟಿಗೆ ಇದು ಪೂರ್ಣ ವೈಕಲ್ಯವೆಂದು ಆಯುಕ್ತರು ಹೇಳಿದ್ದನ್ನು ಸರ್ವೋಚ್ಚ ನ್ಯಾಯಾಲಯದ ನಾಲ್ವರು ನ್ಯಾಯಮೂರ್ತಿಗಳು ಎತ್ತಿಹಿಡಿದರು. ಅಷ್ಟೇ ಅಲ್ಲ, ಪರಿಹಾರವು ಬಾಕಿಯಾಗುವುದು ಆಯುಕ್ತರು ಆದೇಶ ಮಾಡಿದ ದಿನದಿಂದಲ್ಲ, ಅಪಘಾತ ನಡೆದ ದಿನದಿಂದಲೇ ಎಂದು ಅದೇ ತೀರ್ಪಿನಲ್ಲಿ ನುಡಿದರು. ಸೋತ ಮಾಲೀಕನು ಈ ಎರಡನೆಯ ಮಾತನ್ನು ನಿರೀಕ್ಷಿಸಿರಲಾರನು. ಆದರೆ ಆ ಮಾತಿನಿಂದ ಈ ದೇಶದ ಪ್ರತಿಯೊಬ್ಬ ಮಾಲೀಕನ ಲೆಕ್ಕವೂ ಬದಲಾಯಿತು.

ಹೇಗೆಂದರೆ, ಒಂದು ತಿಂಗಳೊಳಗೆ ಹಣ ಕಟ್ಟದಿದ್ದರೆ ವರ್ಷಕ್ಕೆ ಶೇಕಡಾ 12ರ ಬಡ್ಡಿ. ಸಕಾರಣವಿಲ್ಲದೆ ತಡಮಾಡಿದರೆ ಮೊತ್ತದ ಅರ್ಧದವರೆಗೂ ದಂಡ. ಮೂವತ್ತು ವಯಸ್ಸಿನವನ ಸಾವಿಗೆ, 15,000 ರೂಪಾಯಿ ವೇತನದ ಮೇಲೆ, ವೇತನದ ಅರ್ಧವನ್ನು ಗುಣಕದಿಂದ ಗುಣಿಸಿದರೆ 15,59,850 ರೂಪಾಯಿ ಆಗುತ್ತದೆ. ಅವನಿಗೆ ನಲವತ್ತು ವಯಸ್ಸಾಗಿತ್ತೆಂದು ಸಾಧಿಸಿದರೆ ಗುಣಕ 184.17ಕ್ಕೆ ಇಳಿದು 13,81,275 ರೂಪಾಯಿ. ಪಗಾರ 8,000 ಎಂದು ತೋರಿಸಿದರೆ ಮೂವತ್ತರವನಿಗೇ 8,31,920 ರೂಪಾಯಿ. ವಕೀಲರು ಆಧಾರ್ ಚೀಟಿಯ ಜನ್ಮವರ್ಷವನ್ನೂ ಮಸ್ಟರಿನ ಹಾಜರಿಯನ್ನೂ ಅಷ್ಟು ಕಣ್ಣಿಟ್ಟು ನೋಡುವುದು ಸುಮ್ಮನೆಯಲ್ಲ. 2010ರ ಮೇ 31ರಿಂದ ಲೆಕ್ಕಕ್ಕೆ ಹಿಡಿಯತಕ್ಕ ವೇತನದ ಮಿತಿ 8,000 ಆಗಿದ್ದು, 2020ರ ಜನವರಿ 3ರಂದು 15,000ಕ್ಕೆ ಏರಿತು. ಜನವರಿ 2ರಂದು ಬಿದ್ದವನಿಗೂ 4ರಂದು ಬಿದ್ದವನಿಗೂ ನಡುವೆ ಲಕ್ಷಗಟ್ಟಲೆ ಅಂತರ. ಎಲುಬು ಮುರಿಯುವುದಕ್ಕೂ ರಾಜಪತ್ರದ ಪ್ರಕಟಣೆಗೂ ಸಂಬಂಧವಿರಬೇಕೆಂದು ಯಾವ ಬಿಗಾರಿ ತಾನೇ ಊಹಿಸಿಯಾನು!

ವಾಹನದ ಪ್ರಕರಣಗಳಲ್ಲಿ ಹಣ ತೆರುವುದು ವಿಮಾ ಕಂಪನಿಯಾದುದರಿಂದ ಲಾರಿ ಮಾಲೀಕನು ನಿಶ್ಚಿಂತನಾಗಿರುವುದುಂಟು. ಆ ನಿಶ್ಚಿಂತೆಗೆ 1997ರ ವೇದ ಪ್ರಕಾಶ ಗರ್ಗ್ ತೀರ್ಪು ಸೂಜಿ ಚುಚ್ಚಿತು. ಪರಿಹಾರವನ್ನೂ ಬಡ್ಡಿಯನ್ನೂ ವಿಮಾ ಕಂಪನಿ ಕೊಡಬೇಕು. ದಂಡ ಮಾತ್ರ ಮಾಲೀಕನ ಸ್ವಂತ ಜೇಬಿನಿಂದ. ಮೇಲ್ಮನವಿಗೆ ಹೋಗಬೇಕಾದರೂ, ಆದೇಶವಾದ ಮೊತ್ತವನ್ನು ಠೇವಣಿಯಿಟ್ಟ ಪ್ರಮಾಣಪತ್ರವಿಲ್ಲದೆ ಮಾಲೀಕನ ಮನವಿ ನಿಲ್ಲುವುದಿಲ್ಲ. ಆದುದರಿಂದ ಈ ವೃತ್ತಿಯಲ್ಲಿ ಪಳಗಿದವನ ಗುರುತು ನಾಲಗೆಯ ಚಾತುರ್ಯದಲ್ಲಿಲ್ಲ, ತಿಂಗಳೊಳಗೆ ಹಣ ಕಟ್ಟಿಬಿಡಿ ಎಂದು ಕಕ್ಷಿದಾರನಿಗೆ ಹೇಳುವ ಧೈರ್ಯದಲ್ಲಿದೆ. ಮೂರು ತಿಂಗಳಲ್ಲಿ ಪ್ರಕರಣ ಮುಗಿಯಬೇಕೆಂದು ಅಧಿನಿಯಮವು ಬಯಸುತ್ತದೆ. ನ್ಯಾಯಾಲಯದ ಬೆಂಚಿನ ಮೇಲೆ ಕೂತು ಬಲ್ಲವರು ಆ ಬಯಕೆಯನ್ನು ನೆಚ್ಚುವುದಿಲ್ಲ. ವರ್ಷಗಳುರುಳಿದಂತೆ ಬಡ್ಡಿ ಬೆಳೆಯುತ್ತದೆ, ವಕೀಲನ ಶುಲ್ಕವೂ ಬೆಳೆಯುತ್ತದೆ, ಮತ್ತು ಈ ಎರಡನೆಯ ಬೆಳವಣಿಗೆಯಲ್ಲಿ ಆಸಕ್ತಿಯುಳ್ಳವನು ಮೊದಲನೆಯದರ ಮಾತೆತ್ತದೆ ಇರುವುದು ಕಕ್ಷಿದಾರನಿಗೆ ಮಾಡುವ ದ್ರೋಹವೆಂದು ಈ ಲೇಖಕನ ಅಭಿಪ್ರಾಯ.

ಇದಕ್ಕಿಂತ ಸಾಮಾನ್ಯವಾದ ಅನಾಹುತವೊಂದುಂಟು. ದುರಂತ ನಡೆದ ಎರಡು ಮೂರು ದಿನಗಳಲ್ಲಿ ಊರ ಹಿರಿಯರೂ ಮುಕಾದಮನೂ ಕೂತು ಮಾತಾಡಿ, ಶವದೊಡನೆ ಊರಿಗೆ ಹೊರಟ ಹೆಂಡತಿಯ ಕೈಯಲ್ಲಿ ಒಂದು ಗಂಟು ಹಣವಿಟ್ಟು, ಇನ್ನೇನೂ ಕೇಳುವುದಿಲ್ಲವೆಂಬ ಬರಹಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಮುಂದೆ ನೋಟೀಸು ಬಂದಾಗ ಮಾಲೀಕನು ಆ ಛಾಪಾ ಕಾಗದವನ್ನು ಗೆಲುವಿನಿಂದ ತಂದು ತೋರಿಸುತ್ತಾನೆ. ‘ವಕೀಲ್ರೇ, ಎಲ್ಲ ಕೊಟ್ಟು ಮುಗಿಸಿದ್ದೇನೆ, ನೋಡಿ, ಅವಳದೇ ಹೆಬ್ಬೆಟ್ಟು.’ ‘ಶೆಟ್ರೇ, ಇದನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ, ಕೋರ್ಟಿಗೆ ತರಬೇಡಿ’ ಎನ್ನದೆ ವಕೀಲನಿಗೆ ಗತ್ಯಂತರವಿಲ್ಲ. 8ನೆಯ ಕಲಮಿನ ಮೇರೆಗೆ ಸಾವಿನ ಪರಿಹಾರವನ್ನು ಆಯುಕ್ತರಲ್ಲಿ ಠೇವಣಿಯಿಡಬೇಕೇ ಹೊರತು ನೇರವಾಗಿ ಕೊಟ್ಟದ್ದು ಕೊಟ್ಟಂತೆಯೇ ಅಲ್ಲ. ಮೂರು ತಿಂಗಳ ವೇತನದಷ್ಟು ಮುಂಗಡಕ್ಕೆ ಮಾತ್ರ ಅಲ್ಲಿ ಅವಕಾಶ. 17ನೆಯ ಕಲಮಿನ ಮೇರೆಗೆ ಹಕ್ಕು ಬಿಟ್ಟುಕೊಟ್ಟೆನೆಂಬ ಕರಾರು ಶೂನ್ಯ. ಕೆಲವು ಮಾಲೀಕರು ನಿಜವಾಗಿಯೂ ಸದ್ಭಾವದಿಂದ ಕೊಟ್ಟಿರುತ್ತಾರೆ. ಮತ್ತೊಮ್ಮೆ ಕಟ್ಟಬೇಕೆಂದಾಗ ಅವರಿಗಾಗುವ ಕಹಿಯನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಶವದ ಪಕ್ಕದಲ್ಲಿ ನಡೆದ ಚೌಕಾಶಿಯನ್ನು ಕಾನೂನು ಏಕೆ ನಂಬುವುದಿಲ್ಲವೆಂಬುದನ್ನೂ ಅಷ್ಟೇ ಸುಲಭವಾಗಿ ಅರ್ಥಮಾಡಿಕೊಳ್ಳಬಹುದು.

ವಿಜಯಪುರದ ನ್ಯಾಯಾಲಯದಲ್ಲಿ ಸಾಕ್ಷಿಯ ಕಟಕಟೆಗೆ ಬರುವವಳು ಆ ಹೆಂಡತಿಯೇ. ‘ಅವ್ವಾ, ನಿಮ್ಮ ಯಜಮಾನ್ರು ದಿನಕ್ಕ ಎಷ್ಟು ಪಗಾರ ತರ್ತಿದ್ರು?’ ಎಂಬುದು ಮಾಲೀಕರ ವಕೀಲನ ಮೊದಲ ಸವಾಲು. ‘ಪಗಾರ ಎಣಿಸಿದ್ದು ನಾ ಎಲ್ಲಿ ಕಂಡೀನ್ರೀ, ವಾರಕ್ಕೊಮ್ಮೆ ಮುಕಾದಮ ಖರ್ಚಿ ಕೊಡ್ತಿದ್ದ’ ಎಂಬ ಬಗೆಯ ಉತ್ತರ ಬಂದೊಡನೆ, ವೇತನವು ಸಾಬೀತಾಗಿಲ್ಲವೆಂದು ವಕೀಲನು ಬರೆದುಕೊಳ್ಳಬಹುದು. ಅದರಿಂದ ಕನಿಷ್ಠ ವೇತನದ ದರವನ್ನೇ ಹಿಡಿಯಬೇಕೆಂಬ ವಾದ ಹುಟ್ಟುತ್ತದೆ, ಕೆಲವು ಲಕ್ಷಗಳು ಉಳಿಯುತ್ತವೆ. ಮಸ್ಟರು ಇಡಬೇಕಾದವನು ಮಾಲೀಕ. ಇಡದೆಹೋದದ್ದರ ಲಾಭವೂ ಮಾಲೀಕನಿಗೇ. ಕಾನೂನಿಗೆ ಸಮ್ಮತವಾದ ಈ ಪ್ರಶ್ನೆಯನ್ನು ತಾಯಿನುಡಿಯಲ್ಲಿ, ತನ್ನ ಅಕ್ಕನೋ ಅತ್ತಿಗೆಯೋ ಆಗಬಹುದಾಗಿದ್ದವಳನ್ನು ಕೇಳುವಾಗ ವಕೀಲನಿಗೆ ಆಗುವ ಇರಿಸುಮುರಿಸನ್ನು ಕೆಲವರು ವೃತ್ತಿಧರ್ಮವೆಂದು ನುಂಗಿಕೊಳ್ಳುತ್ತಾರೆ, ಕೆಲವರು ಸಂಧಾನಕ್ಕೆ ಹೊರಳುತ್ತಾರೆ. ಸುಳ್ಳು ಅರ್ಜಿಗಳೂ ಉಂಟು ಎಂಬುದನ್ನು ಇಲ್ಲಿ ಮರೆಯಬಾರದು. ಇಲ್ಲದ ಪಗಾರ, ಎಂದೋ ಮುರಿದ ಕಾಲು, ಬೇರೊಬ್ಬರ ಲಾರಿ, ಇವುಗಳನ್ನು ಹುಡುಕಿ ತೆಗೆಯುವವನಿಲ್ಲದಿದ್ದರೆ ಆಯುಕ್ತರು ಕುರುಡಾಗಿ ತೀರ್ಪು ಕೊಡಬೇಕಾದೀತು. ಎದುರು ಪಕ್ಷವಿಲ್ಲದ ನ್ಯಾಯಾಲಯವು ಅರ್ಜಿಗೆ ಮೊಹರು ಒತ್ತುವ ಕಚೇರಿಯಷ್ಟೇ ಆಗುತ್ತದೆ.

ಎಲ್ಲೆಯ ಪ್ರಶ್ನೆಗೆ ಈಚೆಗೆ ಮತ್ತೊಂದು ತಿರುವು ಬಂದಿದೆ. ಕನ್ನಡ ಸೀಮೆಗೆ ಹತ್ತಿರದ, ಆಗಿನ ಉಸ್ಮಾನಾಬಾದಿನ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬನು 2003ರ ಏಪ್ರಿಲ್ 22ರಂದು ಬೆಳಗಿನ ಜಾವ ಮೂರು ಗಂಟೆಯ ಪಾಳಿಗೆ ಹೊರಟವನು ಕಾರ್ಖಾನೆಗೆ ಸುಮಾರು ಐದು ಕಿಲೋಮೀಟರ್ ಇರುವಾಗ ರಸ್ತೆಯಲ್ಲಿ ಮಡಿದನು. ಆಯುಕ್ತರು ಪರಿಹಾರ ಕೊಟ್ಟರು, ಉಚ್ಚ ನ್ಯಾಯಾಲಯ ತೆಗೆದುಹಾಕಿತು. 2025ರ ಜುಲೈ 29ರಂದು ದೈವಶಾಲಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಮನೆಯಿಂದ ಕೆಲಸಕ್ಕೂ ಕೆಲಸದಿಂದ ಮನೆಗೂ ಹೋಗುವ ದಾರಿಯ ಅಪಘಾತವು ಸಮಯ, ಸ್ಥಳ, ಸಂದರ್ಭಗಳಿಂದ ಉದ್ಯೋಗಕ್ಕೆ ಹೊಂದಿಕೊಂಡಿದ್ದರೆ ಅದೂ ಉದ್ಯೋಗದ ಅವಧಿಯಲ್ಲಿಯೇ ಆದುದೆಂದು ಹೇಳಿ ಆಯುಕ್ತರ ಆದೇಶವನ್ನು ಮರಳಿ ಸ್ಥಾಪಿಸಿತು. ಅವನು ಸತ್ತು ಇಪ್ಪತ್ತೆರಡು ವರ್ಷಗಳಾಗಿದ್ದವು. ಮೂಲ ಮೊತ್ತ 3,26,140 ರೂಪಾಯಿ. ಶೇಕಡಾ 12ರಂತೆ ಅದರ ಮೇಲೆ ಬೆಳೆದ ಬಡ್ಡಿ ಮೂಲವನ್ನು ಮೀರಿತ್ತೆಂಬುದನ್ನು ಲೆಕ್ಕ ಹಾಕಲು ಗಣಿತಜ್ಞನೇ ಬೇಕಾಗಿಲ್ಲ.

2025ರ ನವೆಂಬರ್ 21ರಂದು 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, 1923ರ ಅಧಿನಿಯಮವು ಅದರೊಳಗೆ ಒಂದು ಅಧ್ಯಾಯವಾಗಿ ಸೇರಿಹೋಯಿತು. ದಾರಿಯ ಅಪಘಾತದ ಮಾತನ್ನು ಸಂಹಿತೆಯು ಈಗ ತನ್ನ ಅಕ್ಷರಗಳಲ್ಲಿಯೇ ಹೇಳುತ್ತದೆ. ಹಾಗೆಂದು ಹಳೆಯ ಪುಸ್ತಕವನ್ನು ಕಪಾಟಿನಿಂದ ತೆಗೆಯುವಂತಿಲ್ಲ, ಏಕೆಂದರೆ ಹಕ್ಕು ಹುಟ್ಟುವುದು ಅಪಘಾತದ ದಿನದಂದು, ಮತ್ತು ಹಿಂದಿನ ದಿನಾಂಕಗಳ ಪ್ರಕರಣಗಳು ಇನ್ನೂ ಅನೇಕ ವರ್ಷ ನಡೆಯಬೇಕಾಗಿವೆ. ಕಾಮೋಠೆಯಿಂದ ಸೈಕಲ್ ತುಳಿದು ತಳೋಜೆಯ ಪಾಳಿಗೆ ಹೋಗುವವನು ದಾರಿಯಲ್ಲಿ ಟ್ಯಾಂಕರಿಗೆ ಸಿಕ್ಕರೆ, ಸಂದರ್ಭದ ನಂಟು ಎಷ್ಟು ದೂರದವರೆಗೆ ಹಿಗ್ಗುತ್ತದೆ, ನಡುವೆ ಚಹಕ್ಕೆಂದು ನಿಂತಿದ್ದರೆ ಅದು ಕಡಿಯುತ್ತದೆಯೇ, ತರಕಾರಿ ಕೊಳ್ಳಲೆಂದು ಒಳರಸ್ತೆಗೆ ತಿರುಗಿದ್ದರೆ ಏನು ಎಂಬಿವುಗಳನ್ನೆಲ್ಲ ಮಾಲೀಕರ ಪರವಾಗಿ ಯಾರಾದರೊಬ್ಬರು ವಾದಿಸಿಯೇ ತೀರಬೇಕಾಗಿದೆ.